ನಿಮ್ಮದೆಷ್ಟು, ತನುಜ?

"ನಾನು ಬಂದ ತಕ್ಷಣ ನೀವು ಒಳಗೆ ಹೋಗ್ಬಿಡ್ತೀರಲ್ಲ, ಯಾಕ್ರೀ? ನನ್ನ ಮುಖ ಅಷ್ಟು ಕೆಟ್ಟದಾಗಿದ್ಯಾ?"

ಮುರಳಿಮೋಹನ್ ಹೀಗೆ ಕೇಳಿದ್ದು ಶಿಡ್ಲಘಟ್ಟದಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನ ಕೌಂಟರಿಗೆ ಒರಗಿಕೊಂಡು, ಅರ್ಧ ನಗುತ್ತಾ, ಅರ್ಧ ನಿಜವಾಗಿಯೂ ಬೇಜಾರಾಗಿ. ಅವನ ಮುಖ ಕೆಟ್ಟದಾಗಿರಲಿಲ್ಲ. ನನ್ನ ತೊಂದರೆಯೆಲ್ಲ ಶುರುವಾದದ್ದೇ ಅಲ್ಲಿಂದ.

"ಸ್ಟಾಕ್ ನೋಡೋದಿರುತ್ತೆ" ಎಂದೆ.

"ದಿನಾ ಊಟದ ಹೊತ್ತಿಗೇನಾ?"

"ಹೂಂ. ಊಟದ ಹೊತ್ತಿಗೇ ಸ್ಟಾಕ್ ಕಮ್ಮಿ ಆಗೋದು."

ಅವನ ಅಂಗಿಯ ಕಾಲರಿಗೆ ರೇಷ್ಮೆಗೂಡಿನ ನೂಲೊಂದು ಅಂಟಿಕೊಂಡಿತ್ತು. ಹೇಳಲೋ ಬೇಡವೋ ಎಂದು ಅದನ್ನೇ ನೋಡುತ್ತಿದ್ದೆ. ನಾನು ನೋಡುತ್ತಿರುವುದನ್ನು ಅವನು ನೋಡಿದ. ಇಬ್ಬರೂ ಒಟ್ಟಿಗೆ ಗೋಡೆಯ ಮೇಲಿನ ಕೆಮ್ಮಿನ ಸಿರಪ್ಪಿನ ಪೋಸ್ಟರಿನ ಕಡೆ ಕಣ್ಣು ತಿರುಗಿಸಿದೆವು. ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ, ಆದರೂ ಓದಿದೆವು.

ಅವನು ಸಾದಲಿ ಕಡೆಯವನು. ಅಮ್ಮನೂ ಮಗನೂ ಸೇರಿ ರೇಷ್ಮೆ ಹುಳು ಸಾಕುತ್ತಾರೆ. ಗೂಡಿನ ಮಾರ್ಕೆಟ್ಟಿಗೆ ಬಂದ ದಿನ ಹರಾಜು ಮುಗಿಸಿಕೊಂಡು ಅಮ್ಮನ ಔಷಧಿಗೆ ನಮ್ಮಲ್ಲಿಗೆ ಬರುತ್ತಾನೆ. ಈಚೀಚೆಗೆ ಗೂಡು ಇಲ್ಲದ ದಿನವೂ ಬರುತ್ತಿದ್ದ. ಎದುರಿಗೆ 'ನೀವು' ಎನ್ನುತ್ತಿದ್ದೆನಾದರೂ ಮನಸ್ಸಿನಲ್ಲಿ ಯಾವಾಗಲೋ 'ಅವನು' ಆಗಿಹೋಗಿದ್ದ.

ಅವನು ಬರುತ್ತಿದ್ದದ್ದು ಸರಿಯಾಗಿ ನನ್ನ ಊಟದ ಹೊತ್ತಿಗೆ. ಊಟಕ್ಕೆ ಮುಂಚೆ ನಾನು ಹಿಂದಿನ ರ‍್ಯಾಕಿನ ಮರೆಗೆ ಹೋಗಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಏಳನೇ ಕ್ಲಾಸಿನಲ್ಲಿದ್ದಾಗ ಬಂದ ಸಕ್ಕರೆ ಖಾಯಿಲೆ. ಟೈಪ್ ಒನ್ ಎನ್ನುತ್ತಾರೆ. ಮಾತ್ರೆಯಲ್ಲಿ ಬಗೆಹರಿಯುವುದಲ್ಲ, ಇನ್ಸುಲಿನ್ ಇಲ್ಲದೆ ನಾನಿಲ್ಲ. ಊರಿನಲ್ಲಿ ಇದು ಗೊತ್ತಿದ್ದದ್ದು ನಮ್ಮಮ್ಮ ಕದಿರಮ್ಮನಿಗೆ ಮತ್ತು ಅಂಗಡಿಯ ಮಾಲೀಕರಾದ ಸಾದಿಕ್ ಪಾಷಾ ಅವರಿಗೆ ಮಾತ್ರ.

ಮಂಡಿಕಲ್ ಕಡೆಯಿಂದ ಬರುವ ಅಜ್ಜಂದಿರಿಗೆ ಮಾತ್ರೆ ಹಾಳೆಯ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡದಿದ್ದರೆ ನನಗೆ ಸಮಾಧಾನವಿಲ್ಲ. ಇನ್ಸುಲಿನ್ನನ್ನು ಫ್ರೀಜರಿನಲ್ಲಿಟ್ಟು ಐಸ್ ಮಾಡಿಕೊಂಡು ಬಂದವರಿಗೆ ಬೈಯುವುದೂ ನಾನೇ, ಹೊಸ ಬಾಟಲಿಯನ್ನು ಎಲ್ಲಿಡಬೇಕೆಂದು ಹೇಳಿಕೊಡುವುದೂ ನಾನೇ. ಸಕ್ಕರೆ ಖಾಯಿಲೆಯವರು ಬಂದರೆ ಪಾಷಾ ಅವರು ನನ್ನ ಕಡೆಗೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಈ ಹುಡುಗಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಯಾರೂ ಕೇಳಿಲ್ಲ. ಕೇಳಲು ಪುರಸೊತ್ತು ಸಿಗಬಾರದೆಂದೇ ನಾನು ಅಷ್ಟು ಬೇಗ ಬೇಗ ಮಾತಾಡುವುದು.

ಮುರಳಿಯ ಅಮ್ಮ ಅಮ್ಮಾಜಮ್ಮನಿಗೆ ಡಾಕ್ಟರು ಮಾತ್ರೆ ಸಾಲದೆಂದು ಇನ್ಸುಲಿನ್ ಬರೆದುಕೊಟ್ಟಾಗ ಅವರು ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಅತ್ತಿದ್ದರು. "ಸೂಜಿಗೆ ಬಂತು ಅಂದ್ರೆ ನನ್ನ ಕಥೆ ಮುಗೀತು ಕಣಮ್ಮ" ಎಂದಿದ್ದರು. ನಾನು ಕೌಂಟರು ಬಿಟ್ಟು ಬಂದು, ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳಿಕೊಟ್ಟೆ. ಅಂದಿನಿಂದ ಅವರಿಗೆ ನಾನೆಂದರೆ ಪ್ರಾಣ. ಬಂದಾಗಲೆಲ್ಲ ಸೊಪ್ಪು, ಹುರುಳಿಕಾಳು ಏನಾದರೂ ತಂದು ಕೌಂಟರಿನ ಮೇಲಿಡುತ್ತಿದ್ದರು.

ಒಂದು ದಿನ ನನ್ನ ಗಲ್ಲ ಹಿಡಿದು, ಮಗನ ಕಡೆ ಒಂದು ನೋಟ ಹಾಕಿ, "ಈ ಸೂಜಿ ಖಾಯಿಲೆ ನನ್ನ ಜೊತೇಲೇ ಹೋಗ್ಲಿ ತಾಯಿ, ನನ್ನ ತಲ್ಲಿ. ನಮ್ಮನೆಗೆ ಬರೋ ಸೊಸೆಗೆ ಇದೊಂದು ಇರಬಾರದು ಅಂತ ದೇವರಿಗೆ ಹರಕೆ ಕಟ್ಕೊಂಡಿದೀನಿ" ಎಂದರು.

ಮುರಳಿ ನಾಚಿಕೊಂಡು ಬೈಕಿನ ಕೀ ತಿರುಗಿಸುತ್ತಾ ನಿಂತ. ನಾನು ನಕ್ಕೆ. ಅವರು ಹೋದ ಮೇಲೆ ರ‍್ಯಾಕಿನ ಹಿಂದೆ ಹೋಗಿ ನಿಂತರೆ ಇನ್ಸುಲಿನ್ ಪೆನ್ನಿಗೆ ಸೂಜಿ ಕೂರಿಸಲು ಕೈ ಬರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವನೇ ಬಾಯಿ ಬಿಟ್ಟ. ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡು, "ಈ ಬೆಳೆ ಗೂಡು ಮಾರಿದ ಮೇಲೆ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರಣ ಅಂತಿದೀನಿ. ಬರ್ಲಾ?" ಎಂದ.

"ಯಾಕೆ?" ಎಂದೆ ನಾನು ಪೆದ್ದಿಯ ಹಾಗೆ.

"ಸ್ಟಾಕ್ ನೋಡೋಕೆ."

ಕಿವಿಯವರೆಗೂ ಬಿಸಿಯಾಯಿತು. ತಲೆಯಾಡಿಸಿದೆ. ಅವನು ಹೋದ ಮೇಲೆ ಆ ತಲೆಯನ್ನೇ ಎಲ್ಲಾದರೂ ಚಚ್ಚಿಕೊಳ್ಳಬೇಕು ಅನ್ನಿಸಿತು.

ನಮ್ಮಮ್ಮನ ಮುಂದೆ ಹೇಳಿದಾಗ ಅವಳು ಖುಷಿಯಿಂದ ಎದ್ದವಳು ಹಾಗೇ ಕೂತಳು. "ಮದುವೆ ಆಗೋವರ್ಗೂ ಬಾಯಿ ಬಿಡಬೇಡ ಕಣೇ. ನಿನ್ನ ನೋಡೋಕೆ ಬಂದಿದ್ದ ಚಿಂತಾಮಣಿಯೋರಿಗೆ ನಿಜ ಹೇಳಿ ಏನಾಯ್ತು? ಒಪ್ಕೊಂಡಿದ್ದೋರು ಆಮೇಲೆ ಫೋನೂ ಎತ್ತಲಿಲ್ಲ. ಮರ್ತೋದ್ಯಾ?" ಎಂದಳು.

ಮರೆತಿರಲಿಲ್ಲ. ಆ ಹುಡುಗನ ಮುಖ ಮರೆತಿದ್ದೆ, ಅವನು ಫೋನ್ ಎತ್ತದ ಸಂಜೆಗಳು ನೆನಪಿದ್ದವು. ಮುರಳಿ ಫೋನ್ ಎತ್ತದಿದ್ದರೆ ನಾನೇನಾಗುತ್ತೇನೆ ಎಂದು ಯೋಚಿಸಲೂ ಧೈರ್ಯವಿರಲಿಲ್ಲ. ಆದರೆ ಮುಚ್ಚಿಟ್ಟು ಮದುವೆಯಾದರೆ? ಅವನ ಮನೆಯ ಬಚ್ಚಲಲ್ಲಿ ಕದ್ದು ಚುಚ್ಚಿಕೊಳ್ಳಬೇಕು. ವಾಟ್ಸಾಪಿನಲ್ಲಿ 'ನಿಮಗೊಂದು ವಿಷಯ ಹೇಳಬೇಕು' ಎಂದು ಟೈಪ್ ಮಾಡುತ್ತಿದ್ದೆ, ಅಳಿಸುತ್ತಿದ್ದೆ. ಅವನಿಗೆ 'ಟೈಪಿಂಗ್' ಎಂದು ಕಾಣಿಸುತ್ತಿತ್ತೋ ಏನೋ, "ಏನ್ರೀ, ಕಾದಂಬರಿ ಬರೀತಿದೀರಾ?" ಎಂದು ಮೆಸೇಜು ಬರುತ್ತಿತ್ತು. ನಾನು ನಗುವ ಮುಖವೊಂದನ್ನು ಕಳಿಸಿ ಸುಮ್ಮನಾಗುತ್ತಿದ್ದೆ.

ಹುಳು ನಾಲ್ಕನೇ ಜ್ವರ ಎದ್ದಿದೆ, ಇನ್ನು ಕೊನೆಯ ಮೇವು, ಸೊಪ್ಪು ಎಷ್ಟು ಹಾಕಿದರೂ ಸಾಲದು, ಹಾಗಾಗಿ ಬರಲಾಗುವುದಿಲ್ಲ ಎಂದು ಅವನು ಹೇಳಿದ್ದ. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವುದು. ನಾಲ್ಕನೆಯದು ಮುಗಿದರೆ ಗೂಡು ಕಟ್ಟುವ ಕಾಲ ಹತ್ತಿರ. ಬರದಿರುವುದಕ್ಕೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಹೇಳುವುದನ್ನು ಇನ್ನಷ್ಟು ದಿನ ಮುಂದೂಡಬಹುದಲ್ಲ.

ಆದರೆ ಅಮ್ಮಾಜಮ್ಮನ ಇನ್ಸುಲಿನ್ ಬಾಟಲಿ ಆ ಹೊತ್ತಿಗೆ ಖಾಲಿಯಾಗಿರಬೇಕಿತ್ತು. ಮಧ್ಯಾಹ್ನ ಫೋನ್ ಮಾಡಿದೆ.

"ಬಾಟಲಿ ಇನ್ನೂ ಇದೆಯಂತೆ" ಎಂದ ಮುರಳಿ. "ಅಮ್ಮನೇ ಹೇಳಿದ್ಳು."

"ಇರೋಕೆ ಸಾಧ್ಯನೇ ಇಲ್ಲ. ಅವರು ಹೇಗಿದಾರೆ?"

"ಸುಸ್ತು ಅಂತಾಳೆ. ಸೆಖೆಗೇನೋ, ನೀರು ಕುಡಿದಿದ್ದೇ ಕುಡಿದಿದ್ದು. ಕಣ್ಣು ಮಂಜಾಗ್ತದೆ ಅಂತಿದ್ಳು. ಯಾಕೆ?"

ಆ ಬಾಯಾರಿಕೆ ನನಗೆ ಗೊತ್ತು. ಏಳನೇ ಕ್ಲಾಸಿನಲ್ಲಿ ಶಾಲೆಯ ನಲ್ಲಿಯ ಕೆಳಗೆ ಬಾಯಿಟ್ಟುಕೊಂಡು ನಿಂತಿದ್ದವಳು ನಾನು.

"ಫೋನ್ ಅಮ್ಮಂಗೆ ಕೊಡಿ."

"ಹುಳು ಮನೇಲಿದಾಳೆ, ಈಗ ಬರಲ್ಲ ಕಣ್ರೀ."

ಪಾಷಾ ಅವರಿಗೆ ಹೇಳಿದೆ. "ಜಾ ಬೇಟಿ, ಅಂಗಡಿ ನಾನ್ ನೋಡ್ಕೊಳ್ತೀನಿ. ಆದ್ರೆ ಊಟ ಮಾಡ್ಕೊಂಡ್ ಹೋಗು" ಎಂದರು. ಊಟ ಮಾಡುತ್ತಾ ಕೂರಲು ನನ್ನಿಂದಾಗಲಿಲ್ಲ. ಗ್ಲುಕೋಮೀಟರು, ಹೊಸ ಬಾಟಲಿ, ಸಿರಿಂಜು, ನನ್ನ ಪೆನ್ನು ಎಲ್ಲವನ್ನೂ ತಣ್ಣನೆಯ ಚೀಲಕ್ಕೆ ತುರುಕಿ ಸ್ಕೂಟಿ ಹತ್ತಿದೆ. ದಾರಿಯುದ್ದಕ್ಕೂ ಎರಡು ಭಯ ಒಂದರ ಮೇಲೊಂದು ಕೂತಿದ್ದವು. ಅಮ್ಮಾಜಮ್ಮನಿಗೆ ಏನಾಗಿದೆಯೋ ಎಂಬುದೊಂದು. ಕರೆಯದೆ ಅವರ ಮನೆಗೆ ಹೋಗುತ್ತಿದ್ದೇನಲ್ಲ ಎಂಬುದು ಇನ್ನೊಂದು.

ಅಂಗಳದಲ್ಲಿ ಮುರಳಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು. ನನ್ನ ಮುಖ ನೋಡಿ ಅರಳಿದ್ದು ಹಾಗೇ ಬಾಡಿತು.

"ಅಲ್ಲೇ ನಿಲ್ಲಮ್ಮ!" ಹುಳು ಮನೆಯ ಬಾಗಿಲಿಂದ ಅಮ್ಮಾಜಮ್ಮ ಕೂಗಿದರು. ಗಂಟಲು ಒಣಗಿ ದನಿ ಸೀಳಿತ್ತು. "ಮೆಡಿಕಲ್ ವಾಸನೆ ಹೊತ್ಕೊಂಡು ಬಂದಿದೀಯ. ಹುಳಕ್ಕೆ ಆಗಲ್ಲ."

"ನಾನು ಬರಲ್ಲ, ನೀವು ಬನ್ನಿ ಆಚೆಗೆ. ಸೂಜಿ ತಗೊಳ್ತಿಲ್ಲ ಅಲ್ವಾ ನೀವು?"

ಮುರಳಿ ಅಮ್ಮನ ಕಡೆ ತಿರುಗಿದ. ಅಮ್ಮಾಜಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಜಗಲಿಗೆ ಬಂದು ಕೂತರು. ಸಣ್ಣಗಾಗಿದ್ದರು, ತುಟಿ ಬಿರಿದಿತ್ತು.

"ಸ್ಪಿರಿಟ್ ಹಚ್ಕೊಂಡು ಹುಳು ಮನೆಗೆ ಹೆಂಗಮ್ಮ ಹೋಗೋದು?" ಎಂದರು. "ಊದಿನಕಡ್ಡಿ ಹಚ್ಚಲ್ಲ, ಮಲ್ಲಿಗೆ ಮುಡಿಯಲ್ಲ ನಾವು ಹುಳು ಇದ್ದಾಗ. ಆ ಸ್ಪಿರಿಟ್ ವಾಸನೆಗೆ ಇಡೀ ಬೆಳೆ ಹೋಗ್ಬಿಟ್ರೆ? ಹುಳು ಹಣ್ಣಾಗಿ ಗೂಡು ಕಟ್ಟೋವರ್ಗೂ ಸೂಜಿ ಬೇಡ ಅಂತ ಬಿಟ್ಟೆ. ಆಮೇಲೆ ತಗೊಂಡ್ರಾಯ್ತು."

ಹೀಗೂ ಉಂಟೇ ಎಂದು ನಾನು ಬೆಪ್ಪಾಗಿ ನಿಂತೆ. ಹುಳು ಉಳಿಸಲು ತಮ್ಮ ಜೀವಕ್ಕೇ ಮೇವು ನಿಲ್ಲಿಸಿದ್ದರು. ಬೆರಳಿಗೆ ಚುಚ್ಚಿ ನೋಡಿದರೆ ಮೀಟರು ನಾನೂರು ದಾಟಿತ್ತು. ಅವರ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ವಾಂತಿ ಇದೆಯಾ, ಉಸಿರಾಟ ಹೇಗಿದೆ ಎಂದೆಲ್ಲ ಕೇಳಿ, ಮಾಮೂಲು ಡೋಸು ಈಗಲೇ ಕೊಡಿ, ಸಂಜೆಯೊಳಗೆ ಕರೆದುಕೊಂಡು ಬನ್ನಿ ಎಂದರು.

"ಸ್ಪಿರಿಟ್ ಬೇಕಾಗೇ ಇಲ್ಲಮ್ಮ" ಎಂದೆ. "ಸೋಪಲ್ಲಿ ತೊಳ್ಕೊಂಡು, ಒಣಗಿಸ್ಕೊಂಡು ಚುಚ್ಕೊಂಡ್ರೆ ಸಾಕು."

"ಸುಮ್ಕಿರು ನೀನು. ಆಸ್ಪತ್ರೇಲಿ ನರ್ಸಮ್ಮ ಸ್ಪಿರಿಟ್ ಹಚ್ದೆ ಮುಟ್ಟಲ್ಲ. ಹಂಗೇ ಚುಚ್ಚಿದ್ರೆ ನಂಜಾಗಲ್ವಾ?"

"ಆಗಲ್ಲಮ್ಮ."

"ಅಂಗಡೀಲಿ ಕೂತ್ಕೊಂಡು ಹೇಳೋದು ಸುಲಭ ತಾಯಿ. ಚುಚ್ಚಿಸ್ಕೊಳ್ಳೋ ಮೈ ನಂದು. ನಿಂಗೇನು ಗೊತ್ತು?"

ನನಗೇನು ಗೊತ್ತು! ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಸುಮ್ಮನಿದ್ದರೆ ಅವರು ಚುಚ್ಚಿಕೊಳ್ಳುವುದಿಲ್ಲ, ನನ್ನ ಮದುವೆ ಉಳಿಯುತ್ತದೆ. ಬಾಯಿ ಬಿಟ್ಟರೆ ಅವರು ಉಳಿಯುತ್ತಾರೆ, ಬಹುಶಃ ಮುರಳಿ ಉಳಿಯುವುದಿಲ್ಲ. ತೂಗಿ ನೋಡುವಷ್ಟು ಹೊತ್ತೂ ಇರಲಿಲ್ಲ.

"ಮುರಳಿ ಅವ್ರೇ, ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ" ಎಂದೆ.

"ಯಾಕೆ?"

"ತಿರುಗಿ ಅಂದ್ನಲ್ಲ."

ತಿರುಗಿದ. ಅಂಗಳದ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು ಬಂದೆ. ಕುರ್ತಾದ ಅಂಚು ಎತ್ತಿ ಹೊಟ್ಟೆ ತೋರಿಸಿದೆ. ಚುಕ್ಕಿ ಚುಕ್ಕಿ ಗುರುತುಗಳು, ಒಂದೆರಡು ಕಡೆ ತೆಳು ನೀಲಿ. ಒದ್ದೆ ಬಟ್ಟೆಗೆ ಸೋಪು ಸವರಿ ಒರೆಸಿದೆ, ಇನ್ನೊಂದರಿಂದ ಒಣಗಿಸಿದೆ. ಹೇಗೂ ನನ್ನ ಊಟದ ಹೊತ್ತು ಮೀರಿತ್ತು. ಪೆನ್ನು ತೆಗೆದು, ಸೂಜಿ ಕೂರಿಸಿ, ಅಮ್ಮಾಜಮ್ಮನ ಕಣ್ಣೆದುರಿಗೇ ಚುಚ್ಚಿಕೊಂಡೆ.

"ನಂಗೆ ಏಳನೇ ಕ್ಲಾಸಿಂದ ಇದೆಯಮ್ಮ. ದಿನಕ್ಕೆ ನಾಲ್ಕು ಸಲ ಚುಚ್ಕೋತೀನಿ. ಸ್ಪಿರಿಟ್ ಯಾವತ್ತೂ ಹಚ್ಚಲ್ಲ. ನಂಜಾಗಿಲ್ಲ, ಸತ್ತಿಲ್ಲ. ನಿಮ್ಮ ಮುಂದೆ ನಿಂತಿದೀನಿ."

ಅವನು ತಿರುಗಿಯೇ ನಿಂತಿದ್ದ. ಕಣ್ಣು ತಿರುಗಿಸಬಹುದು, ಕಿವಿಯನ್ನೇನು ಮಾಡುವುದು? ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನಿನಿಂದ ಏನೂ ಗೊತ್ತಾಗುವುದಿಲ್ಲ.

ಅಮ್ಮಾಜಮ್ಮ ಬಹಳ ಹೊತ್ತು ನನ್ನ ಹೊಟ್ಟೆಯ ಕಡೆಗೇ ನೋಡಿದರು. "ನೀನು ಇದನ್ನ ನಂಗೆ ಹೇಳ್ತಿರೋದು ನಿಮ್ಮಮ್ಮಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಬೈತಾಳೆ."

ಅವರು ಎದ್ದು ಸೋಪಿನಲ್ಲಿ ಕೈ ತೊಳೆದು ಬಂದು ನನ್ನ ಮುಂದೆ ಕೂತರು. ಸಿರಿಂಜಿಗೆ ಔಷಧಿ ಎಳೆದು ಕೊಟ್ಟೆ. ಅವರೇ ಚುಚ್ಚಿಕೊಂಡರು.

ಚುಚ್ಚಿಕೊಂಡ ಮೇಲೆ ನಾನು ಉಣ್ಣಲೇಬೇಕಿತ್ತು. ಅದನ್ನು ಹೇಳಲು ನಾಚಿಕೆಯಾಯಿತು, ಆದರೆ ಹೇಳದೆ ವಿಧಿಯಿರಲಿಲ್ಲ. ಹುಡುಗನ ಮನೆಯವರು ಹೆಣ್ಣು ನೋಡಲು ಬರುವ ಮುಂಚೆಯೇ ಹುಡುಗನ ಮನೆಯಲ್ಲಿ ಕೂತು ಮುದ್ದೆ, ಹುರುಳಿಕಾಳು ಸಾರು ಉಂಡವಳು ನಾನೊಬ್ಬಳೇ ಇರಬೇಕು. ಮುರಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹುಳು ಮನೆಯೊಳಗೆ ಹೋದ. ನಾನು ಹೊರಡುವಾಗಲೂ ಆಚೆಗೆ ಬರಲಿಲ್ಲ.

ವಾಪಸ್ಸು ಬರುವಾಗ ದಾರಿಯಲ್ಲಿ ಸ್ಕೂಟಿ ನಿಲ್ಲಿಸಿ ಅತ್ತೆ. ಮುಗಿಯಿತು ಅಂದುಕೊಂಡೆ.

ಅವತ್ತು ಸಂಜೆ ಒಂದು ಮೆಸೇಜು ಬಂತು. 'ಡಾಕ್ಟರ್ ನೋಡಿದ್ರು. ಅಡ್ಮಿಟ್ ಬೇಡ ಅಂದ್ರು. ಅಮ್ಮಂಗೆ ಈಗ ಇನ್ನೂರ ಎಂಬತ್ತು.' ಮಾರನೆಯ ದಿನ, 'ಅಮ್ಮಂಗೆ ಇನ್ನೂರ ಹತ್ತು.' ಅದರ ಮಾರನೆಯ ದಿನ, 'ನೂರ ತೊಂಬತ್ತು.' ಅಷ್ಟೇ. ಕಾದಂಬರಿ ಬರೀತಿದೀರಾ ಎಂದು ರೇಗಿಸುತ್ತಿದ್ದವನು ಈಗ ಬರೀ ನಂಬರು ಕಳಿಸುತ್ತಿದ್ದ. ನಾನೂ 'ಒಳ್ಳೇದು' ಎಂದಷ್ಟೇ ಬರೆಯುತ್ತಿದ್ದೆ. ಬರೆದು, ಆ ನಂಬರಿನ ಹಿಂದೆ ಮುಂದೆ ಏನಾದರೂ ಇದೆಯಾ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಏನೂ ಇರಲಿಲ್ಲ.

ಹುಳು ಹಣ್ಣಾಯಿತು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹತ್ತಿಸಿದೆವು ಎಂದೂ ಅವನು ಹೇಳಲಿಲ್ಲ. ಅಂಗಡಿಗೆ ಬಂದ ಇನ್ನೊಬ್ಬ ರೈತನಿಂದ ತಿಳಿಯಿತು. ಗೂಡು ಕಟ್ಟಿದ ಮೇಲೆ ಮಾರುವುದೇ ಬಾಕಿ. ಗೂಡು ಮಾರಿದ ಮೇಲೆ ಬರುತ್ತೇನೆ ಅಂದಿದ್ದನಲ್ಲ ಎಂದು ನೆನಪಾಗಿ, ಆ ದಿನ ಬರುವುದೇ ಬೇಡ ಅನ್ನಿಸಿತು.

ಆಮೇಲೊಂದು ಸಂಜೆ ಮಾಮೂಲಿನಂತೆ ಮೆಸೇಜು ಬಂತು. 'ಅಮ್ಮಂಗೆ ನೂರ ಅರವತ್ತು.' ಫೋನು ಕೆಳಗಿಡುವಷ್ಟರಲ್ಲಿ ಇನ್ನೊಂದು ಬಂತು.

'ನಿಮ್ಮದೆಷ್ಟು, ತನುಜ?'

ಇಷ್ಟು ವರ್ಷದಲ್ಲಿ ಡಾಕ್ಟರು ಕೇಳಿದ್ದಾರೆ, ಅಮ್ಮ ಕೇಳಿದ್ದಾಳೆ, ಹೆದರಿಕೊಂಡು ಕೇಳಿದ್ದಾಳೆ. ಪ್ರೀತಿಯಿಂದ ಯಾರೂ ಕೇಳಿರಲಿಲ್ಲ. ಬೆರಳು ಚುಚ್ಚಲು ಹೋಗಿ ಸೂಜಿ ಕೆಳಗೆ ಬೀಳಿಸಿದೆ. ಮತ್ತೊಂದು ಹುಡುಕಿ, ನೋಡಿ, ಕಳಿಸಿದೆ. ನೂರ ಮೂವತ್ತೆಂಟು.

'ಪಾಸಾ ಫೇಲಾ?'

'ಪಾಸು.'

'ಅಬ್ಬ' ಎಂದ. ಅವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ ಎಂದರೆ ಸುಳ್ಳಾಗುತ್ತದೆ.

ಗೂಡು ಮಾರಿದ ದಿನ ಬಂದ. ಪಾಷಾ ಅವರಿಗೆ ಇದ್ದಕ್ಕಿದ್ದಂತೆ ಬ್ಯಾಂಕಿನ ಕೆಲಸ ನೆನಪಾಯಿತು. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು.

"ನಂಗೆ ಭಯ ಆಯ್ತು" ಎಂದ, ಪೀಠಿಕೆಯಿಲ್ಲದೆ. "ಸುಳ್ಳು ಹೇಳಲ್ಲ. ಅವತ್ತು ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕ್ತಾ ನಿಂತಿದ್ನಲ್ಲ, ಹಾಕಿದ ಕಡೆಗೇ ಮತ್ತೆ ಹಾಕ್ತಿದ್ದೆ. ನಿಮಗೇನಾದ್ರೂ ಆದ್ರೆ ಅಂತ. ಆಚೆಗೆ ಬಂದ್ರೆ ನಿಮ್ಮ ಮುಂದೆ ಅತ್ಬಿಡ್ತೀನಿ ಅಂತ ಬರ್ಲಿಲ್ಲ."

"ನಾನು ಬೇರೆ ಏನೋ ಅಂದ್ಕೊಂಡೆ."

"ಗೊತ್ತು. ಅದಕ್ಕೇ ದಿನಾ ಮೆಸೇಜ್ ಮಾಡ್ತಿದ್ದೆ. ನಂಬರ್ ಬಿಟ್ಟು ಬೇರೆ ಏನು ಬರೀಬೇಕೋ ಗೊತ್ತಾಗ್ಲಿಲ್ಲ."

"ಇದು ವಾಸಿ ಆಗಲ್ಲ ಮುರಳಿ. ಒಂದೊಂದು ಸಲ ಇಳಿದುಬಿಡುತ್ತೆ, ಬೆವರ್ತೀನಿ, ಏನೇನೋ ಮಾತಾಡ್ತೀನಿ. ಮಕ್ಕಳಾಗತ್ತೆ, ಆದ್ರೆ ತುಂಬಾ ಹುಷಾರಾಗಿರಬೇಕು. ಯಾವುದಕ್ಕೂ ಗ್ಯಾರಂಟಿ ಕೊಡೋಕಾಗಲ್ಲ."

"ಗ್ಯಾರಂಟಿ ಕೇಳೋಕೆ ನಾನೇನು ಫ್ರಿಜ್ಜು ತಗೊಳ್ತಿದೀನಾ?"

ನಕ್ಕುಬಿಟ್ಟೆ. ಅವನು ನಗಲಿಲ್ಲ. ಕೌಂಟರಿನ ಮೇಲಿದ್ದ ನನ್ನ ಕೈ ಪಕ್ಕ ತನ್ನ ಕೈ ಇಟ್ಟ. ಮುಟ್ಟಲಿಲ್ಲ, ಕಿರುಬೆರಳು ಮಾತ್ರ ಸ್ವಲ್ಪ ತಾಗಿತು. ಸೊಪ್ಪು ಕತ್ತರಿಸಿ ಕತ್ತರಿಸಿ ಒರಟಾದ ಬೆರಳು.

"ನನ್ನ ಮಾತು ಇಷ್ಟೇ. ಅಮ್ಮಂದು ಗೊತ್ತಿಲ್ಲ" ಎಂದ ಮೆಲ್ಲಗೆ. "ಆ ಹರಕೆ ವಿಷಯ ಕೇಳಿದ್ರೆ ಬಾಯೇ ಬಿಡ್ತಿಲ್ಲ. ಭಾನುವಾರ ಹೋಗಣ ಅಂತ ಮಾತ್ರ ಅಂದ್ಳು. ಒಪ್ಪೋಕೋ, ಬೇಡ ಅನ್ನೋಕೋ, ನಂಗೂ ಗೊತ್ತಿಲ್ಲ ಕಣ್ರೀ."

ನಾನು ಬಾಯಿ ಬಿಟ್ಟಿದ್ದೇನೆಂದು ತಿಳಿದು ನಮ್ಮಮ್ಮ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಭಾನುವಾರ ಬೆಳಿಗ್ಗೆ ಕೇಸರಿಬಾತು ಮಾಡುತ್ತಾ ಮಾತ್ರ, "ಕೇಳಿದ್ರೆ ಈಗ ವಾಸಿ ಆಗಿದೆ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ನನ್ನ ಅಂಗೈ ಬೆವರುತ್ತಿತ್ತು. ಸಕ್ಕರೆ ಇಳಿದಿದೆಯಾ ಎಂದು ನೋಡಿದೆ, ಇಳಿದಿರಲಿಲ್ಲ. ಅದು ಬರೀ ಹೆದರಿಕೆ.

ಅಮ್ಮಾಜಮ್ಮ ಬಂದು ಚಾಪೆಯ ಮೇಲೆ ಕೂತರು. ಮೈ ಸುಧಾರಿಸಿತ್ತು. ಮುರಳಿ ಮೂಲೆಯ ಕುರ್ಚಿಯಲ್ಲಿ, ಪರೀಕ್ಷೆಗೆ ಕೂತವನ ಹಾಗೆ. ನನ್ನ ಕಡೆ ನೋಡಿ ಒಮ್ಮೆ ರೆಪ್ಪೆ ಬಡಿದ, ಧೈರ್ಯ ಹೇಳುವ ಹಾಗೆ. ಅವನಿಗೇ ಧೈರ್ಯ ಇರಲಿಲ್ಲ.

"ಅದೂ... ಚಿಕ್ಕೋಳಿದ್ದಾಗ ಸ್ವಲ್ಪ ಇತ್ತು" ನಮ್ಮಮ್ಮ ಶುರು ಮಾಡಿದಳು. "ಈಗ ಎಲ್ಲಾ ವಾಸಿ..."

"ವಾಸಿ ಆಗಲ್ಲಮ್ಮ ಅದು" ಎಂದರು ಅಮ್ಮಾಜಮ್ಮ. "ನಂಗೆ ಗೊತ್ತಿಲ್ವಾ?"

ನಮ್ಮಮ್ಮ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ನಿಂತಳು. ನಾನು ನೆಲ ನೋಡುತ್ತಾ ನಿಂತೆ. ಮುಂದಿನ ಮಾತು ಏನೆಂದು ಗೊತ್ತಿತ್ತು, ಚಿಂತಾಮಣಿಯವರು ಫೋನ್ ಎತ್ತದೆಯೇ ಹೇಳಿದ್ದ ಮಾತು. ಅಮ್ಮಾಜಮ್ಮ ಎಲೆಯಡಿಕೆ ಚೀಲದ ದಾರ ಬಿಚ್ಚಿ, ಮತ್ತೆ ಕಟ್ಟಿದರು.

"ಮುಹೂರ್ತ ಎಷ್ಟೊತ್ತಿಗೆ ಇಡಿಸ್ತೀರ?" ಎಂದರು.

ನಮ್ಮಮ್ಮನಿಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಧಾರೆ ಮುಹೂರ್ತ ಕಣಮ್ಮ. ಧಾರೆ ಮುಗಿಯೋವರ್ಗೂ ಹುಡುಗಿ ಹಸ್ಕೊಂಡಿರಬೇಕು ಅಂತಾರಲ್ಲ, ಅದು ಆಗೋದಿಲ್ಲ. ಇವಳು ಸೂಜಿ ತಗೊಂಡು, ಹೊಟ್ಟೆ ತುಂಬಾ ತಿಂಡಿ ತಿಂದೇ ಹಸೆಮಣೆ ಮೇಲೆ ಕೂರ್ಬೇಕು. ಪುರೋಹಿತರಿಗೆ ನಾನೇ ಹೇಳ್ತೀನಿ. ನಮ್ಮ ಕಡೆ ಹೆಂಗಸರು ಯಾರಾದ್ರೂ ಮಾತಾಡಿದ್ರೆ ನನ್ನ ಹತ್ರ ಮಾತಾಡ್ಲಿ."

"ನಿಮ್ಮ ಹರಕೆ..." ಎಂದೆ.

"ದೇವರ ಹತ್ರ ತಪ್ಪುಕಾಣಿಕೆ ಹಾಕಿ ಬಂದೆ ತಲ್ಲಿ. ತಿಳೀದೆ ಕೇಳ್ಕೊಂಡಿದ್ದೆ."

ನಮ್ಮಮ್ಮ ತಟ್ಟೆ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂಲೆಯಲ್ಲಿದ್ದ ಮುರಳಿ ಗಂಟಲು ಸರಿಮಾಡಿಕೊಂಡ. "ಹಂಗಾದ್ರೆ ಅವತ್ತು ನಂಗೂ ತಿಂಡಿ ಬೇಕು."

"ನಿಂಗ್ಯಾಕೋ? ನಿಂಗೇನು ಬಂದಿದೆ ರೋಗ?" ಎಂದು ಅಮ್ಮಾಜಮ್ಮ ಗದರಿದರು.

"ಇವರೊಬ್ರೇ ತಿಂದ್ರೆ ಜನ ಯಾಕೆ ಅಂತ ಕೇಳ್ತಾರೆ" ಎಂದ ಅವನು, ನನ್ನನ್ನೇ ನೋಡುತ್ತಾ. "ಇಬ್ರೂ ತಿಂದ್ರೆ, ಪಾಪ, ಇಬ್ರಿಗೂ ಹಸಿವಾಗಿತ್ತು ಅನ್ಕೋತಾರೆ."